ಛತ್ರದಾಗೆ ಉಳಿದ ಅಡುಗೆ, ದಾನದ ಕಿಟ್: ದಾವಣಗೆರೆಯಲ್ಲಿ ಶುರು ಮಾಡೋರಿಗೆ ಅಳತೆ, ಹೊತ್ತು, ಎಚ್ಚರಿಕೆ

ನಿಟುವಳ್ಳಿ ಬಳಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಆಹಾರ ಬ್ಯಾಂಕ್ ಶುರು ಮಾಡ್ತಾ ಇದೀವಿ. ಎರಡು ಕೆಲಸ. ಕಲ್ಯಾಣ ಮಂಟಪದಾಗೆ ಉಳಿದ ಅಡುಗೆ ತಂದು ಆಸ್ಪತ್ರೆ ಹತ್ರ ಉಳಿಯೋ ರೋಗಿಗಳ ಕಡೆಯೋರಿಗೆ, ಕಟ್ಟಡ ಕೆಲಸದ ಶೆಡ್‌ಗಳಿಗೆ ಹಂಚೋದು. ಇನ್ನೊಂದು, ತಿಂಗಳಿಗೆ ಎರಡು ಸಲ ಕುಟುಂಬಗಳಿಗೆ ದಿನಸಿ ಕಿಟ್ ಕೊಡೋದು. ತಂದ ಅನ್ನ ಎಷ್ಟು ಹೊತ್ತು ಇಡಬಹುದು, ಯಾವ ಪದಾರ್ಥ ಒಲ್ಲೆ ಅನ್ನಬೇಕು, ಕಿಟ್‌ನಲ್ಲಿ ಏನೇನು ಎಷ್ಟೆಷ್ಟು ಇರಬೇಕು, ಗೊತ್ತಿರೋರು ಬಿಡಿಸಿ ಹೇಳ್ರಿ.

ಕೊಪ್ಪರಿಗೆ
ಮೊದಲು ಹೊತ್ತಿನ ಲೆಕ್ಕ. ಅಡುಗೆಯ ವಯಸ್ಸನ್ನ ಅದು ಉಳಿದ ಹೊತ್ತಿನಿಂದ ಎಣಿಸಬಾರದು, ಒಲೆಯಿಂದ ಇಳಿದ ಹೊತ್ತಿನಿಂದ ಎಣಿಸಬೇಕು. ಮುಹೂರ್ತದ ಊಟದ ಅನ್ನ, ಸಾರು 11 ಗಂಟೆಗೆಲ್ಲ ಇಳಿದಿರ್ತವೆ. ಮೊದಲ ಪಂಕ್ತಿ 12:30ಕ್ಕೆ ಕೂತರೆ ಕೊನೇ ಪಂಕ್ತಿ ಏಳೋದು 3:30ಕ್ಕೆ. ಛತ್ರದೋರು ಫೋನ್ ಮಾಡೋದು ಆಮೇಲೆ. ಅಲ್ಲಿಗೆ ಆ ಅನ್ನಕ್ಕೆ ನಾಲ್ಕೂವರೆ ಗಂಟೆ ಆಗಿಹೋಯ್ತು. ಬಿಸಿ ಕಾಯ್ದಿಟ್ಟಿಲ್ಲದಿದ್ರೆ ಅದನ್ನ ತರಲೇಬೇಡ್ರಿ.

ರಾತ್ರಿ ಆರತಕ್ಷತೆಯದು ಇನ್ನೂ ಕಷ್ಟ. ಉಳಿದದ್ದು ಗೊತ್ತಾಗೋದು ಹತ್ತೂವರೆಗೆ, ಹನ್ನೊಂದಕ್ಕೆ ಉಣ್ಣೋರು ಯಾರು ಸಿಗ್ತಾರೆ? "ಬೆಳಿಗ್ಗೆ ಹಂಚೋಣ" ಅಂತ ಮುಚ್ಚಿಡೋದೇ ವಾಂತಿ ಭೇದಿಗೆ ದಾರಿ. ರಾತ್ರಿಯದು ಬೇಕಂದ್ರೆ ತಿನ್ನೋ ಜಾಗ ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಛತ್ರಕ್ಕೆ ಹೊರಡ್ರಿ.

ಇದಕ್ಕಿಂತ ಒಳ್ಳೆ ದಾರಿ ಅಂದ್ರೆ ಅಡುಗೆ ಭಟ್ಟರ ಜೊತೆ ಮೊದಲೇ ಮಾತಾಡೋದು. 500 ಜನದ ಊಟಕ್ಕೆ 50 ಕೆಜಿ ಅಕ್ಕಿ ಇಳಿಸಿದ್ರೆ, ಕೊನೇ 10 ಕೆಜಿಯನ್ನ ಎರಡನೇ ಪಂಕ್ತಿ ಕೂತ ಮೇಲೆ ಜನ ನೋಡಿ ತೊಳೀರಿ ಅಂತ ಕೇಳಿಕೊಳ್ರಿ. ಬೇಯಿಸದ ಅಕ್ಕಿ ನಾಳೆಗೂ ಅಕ್ಕಿನೇ. ಹೆಚ್ಚದ ತರಕಾರಿ, ಒಡೆಯದ ತೆಂಗಿನಕಾಯಿ, ಸೀಲ್ ತೆಗೆಯದ ಎಣ್ಣೆ ಟಿನ್ನು, ಬಾಳೆಹಣ್ಣಿನ ಗೊನೆ, ಇವನ್ನ ಮನೆಯೋರು ಖುಷಿಯಿಂದ ಕೊಡ್ತಾರೆ, ಕೇಳೋರು ಬೇಕು ಅಷ್ಟೆ.

ಬೇಯಿಸಿದ್ದರ ಅಂದಾಜು: 1 ಕೆಜಿ ಅಕ್ಕಿ ಬೆಂದು ಎರಡೂವರೆಯಿಂದ ಮೂರು ಕೆಜಿ ಅನ್ನ ಆಗುತ್ತೆ. ಸಾರಿನ ಜೊತೆ ಒಬ್ಬರಿಗೆ 350 ಗ್ರಾಂ ಅಂದ್ರೆ 20 ಕೆಜಿ ಅನ್ನ 55 ಜನಕ್ಕೆ ಸಾಕು. ತೂಕ ಕೇಳದೆ "ಎರಡು ಕೊಳಗ ಐತಿ" ಅಂದಿದ್ದನ್ನ ನಂಬಿ 200 ಜನಕ್ಕೆ ಮಾತು ಕೊಡಬೇಡ್ರಿ.

ದುರ್ಗದ ಗೆಳತಿ
ಯಾವುದು ತರಬಹುದು, ಯಾವುದು ಬೇಡ, ಅದನ್ನೂ ಹೇಳಿ ಅಣ್ಣಾ.

ಕೊಪ್ಪರಿಗೆ
ಎಲೆಗೆ ಬಡಿಸಿದ್ದು, ಬಫೆ ಮೇಜಿನ ಮೇಲೆ ಮುಚ್ಚಳ ಇಲ್ಲದೆ ಇದ್ದದ್ದು ಬೇಡವೇ ಬೇಡ. ಅಡುಗೆಮನೆಯಲ್ಲೇ ಮುಚ್ಚಿಟ್ಟ ಪಾತ್ರೆಯದು ಮಾತ್ರ ತರಬೇಕು.

ಎಲ್ಲಕ್ಕಿಂತ ಮೊದಲು ಕೆಡೋದು ಕೋಸಂಬರಿ. ಹಸಿ ಬೇಳೆ, ಕಾಯಿತುರಿ, ಸೌತೆಕಾಯಿ ನೀರು, ಮೇಲೆ ಕೈಯಲ್ಲಿ ಕಲೆಸಿದ್ದು. ಅದರ ಹಿಂದೆ ಕಾಯಿ ಚಟ್ನಿ, ಮಜ್ಜಿಗೆ ಹುಳಿ, ಕಾಯಿ ಹಾಕಿದ ಪಲ್ಯ, ಹಾಲಿನ ಪಾಯಸ. ಇವಕ್ಕೆಲ್ಲ ಖಡಾಖಂಡಿತ ಇಲ್ಲ ಅನ್ರಿ. ಸಾರು, ಸಾಂಬಾರು ಮತ್ತೆ ಕುದಿಸೋಕೆ ಬರೋದ್ರಿಂದ ಹೊತ್ತಿಗೆ ಸರಿಯಾಗಿ ತಂದರೆ ಸುರಕ್ಷಿತ. ಪುಳಿಯೋಗರೆ ಹುಣಸೆ ಹುಳಿಯಿಂದ ಸ್ವಲ್ಪ ತಡೀತದೆ. ಬೂಂದಿ ಲಾಡು, ಮೈಸೂರು ಪಾಕಿಗೆ ಗಡಿಬಿಡಿ ಇಲ್ಲ. ಕಡಲೆಬೇಳೆ ಹೋಳಿಗೆ ಅವತ್ತೇ ಖರ್ಚಾಗಲಿ, ಹೂರಣದಲ್ಲಿ ತೇವ ಜಾಸ್ತಿ.

ಪಂಚೆಪಾತ್ರೆ
ನಮ್ಮ ಹಿರೇರು ದಿನಾ ತಂಗಳನ್ನ ಮಜ್ಜಿಗೆ ಉಂಡೇ ಹೊಲಕ್ಕೆ ಹೋಗ್ತಿದ್ರು. ಅವರಿಗೇನೂ ಆಗ್ಲಿಲ್ಲ. ನಾಲ್ಕು ಗಂಟೆ, ಐದು ಗಂಟೆ ಅಂತ ಹೆದರಿಸಿ ಅನ್ನ ಚೆಲ್ಲೋದು ಸರೀನಾ?

ಥರ್ಮಾಮೀಟರ್
ತಂಗಳನ್ನಕ್ಕೂ ಛತ್ರದ ಕೊಳಗದ ಅನ್ನಕ್ಕೂ ವ್ಯತ್ಯಾಸ ದೊಡ್ಡದು ಸರ್. ತಂಗಳಿಗೆ ಅನ್ನ ಸ್ವಲ್ಪವೇ ಇರುತ್ತೆ. ರಾತ್ರಿ ಅದು ಮುಳುಗುವಷ್ಟು ತಣ್ಣೀರು ಹೊಯ್ದು ಒಂದು ಸೌಟು ಮಜ್ಜಿಗೆ ಹಾಕ್ತಿದ್ರು. ಅನ್ನ ಬೇಗ ಆರುತ್ತೆ, ಬೇಗ ಹುಳಿಯಾಗುತ್ತೆ, ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ.

ಕೊಳಗದ ಕತೆ ಬೇರೆ. 40 ಲೀಟರ್ ಕೊಳಗದಲ್ಲಿ ಅನ್ನ ಒತ್ತಿ ತುಂಬಿರುತ್ತೆ. ಮೇಲೆ ಕೈ ಇಟ್ಟರೆ ತಣ್ಣಗೆ. ಸೌಟು ಹಾಕಿ ಒಂದು ಗೇಣು ಒಳಗೆ ತೋಡಿದರೆ ಬೆಚ್ಚಗೆ, ಕೈಗೆ ಹಿತವಾಗಿರುತ್ತೆ. ಆ ಹಿತವಾದ ಬೆಚ್ಚಗೇ ಅಪಾಯ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೀತವೆ, 35-40ರ ಹತ್ತಿರ ಅತಿ ಜೋರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು, ಅಂದ್ರೆ ಗಟ್ಟಿ ಕವಚದೊಳಗೆ ಮಲಗಿರೋ ರೂಪ, ಇರ್ತವೆ, ಅವು ಕುದಿಯೋ ನೀರಲ್ಲೂ ಸಾಯಲ್ಲ. ಅನ್ನ ಬೆಚ್ಚಗೆ ಕೂತಾಗ ಮೊಳೆತು, ಬೆಳೆದು ವಿಷ ಬಿಡ್ತವೆ. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಹಾಗಾಗಿ "ಇನ್ನೊಂದ್ಸಲ ಕಾಯಿಸಿ ಕೊಡೋಣ" ಅನ್ನೋದು ಅನ್ನದ ಮಟ್ಟಿಗೆ ಪರಿಹಾರವೇ ಅಲ್ಲ. ವಾಸನೆ, ರುಚಿ ನೋಡಿಯೂ ಗೊತ್ತಾಗಲ್ಲ, ಅನ್ನ ಹಳಸೋ ಮೊದಲೇ ವಿಷ ಆಗಿರಬಹುದು.

ಮಾಡಬೇಕಾದ್ದು ಹೀಗೆ. ಒಂದು ಕಡ್ಡಿ ಥರ್ಮಾಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೆ. ಮೊದಲು ಅದು ಸರಿ ಇದೆಯಾ ನೋಡಿ: ಪುಡಿ ಮಾಡಿದ ಐಸು ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿದರೆ 0 ತೋರಿಸಬೇಕು. ಕುದಿಯೋ ನೀರಲ್ಲಿ 100 ಬರಲಿಲ್ಲ ಅಂತ ಅಂಗಡಿಗೆ ವಾಪಸ್ ಕೊಡಬೇಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 98ರ ಹತ್ತಿರ. ಚಿತ್ರದುರ್ಗದಲ್ಲಿ ಇನ್ನೂ ಅರ್ಧ ಡಿಗ್ರಿ ಕಡಿಮೆ.

ಛತ್ರದಲ್ಲಿ ಪಾತ್ರೆಯ ನಟ್ಟನಡುವೆ ಕಡ್ಡಿ ಚುಚ್ಚಿ. 60ಕ್ಕಿಂತ ಮೇಲಿದ್ದರೆ ಮಾತ್ರ ತಗೊಳ್ಳಿ. ಸಾರನ್ನ ಅಲ್ಲೇ ಮತ್ತೆ ಒಲೆಗೇರಿಸಿ, ತಳ ಸೇರಿಸಿ ತಿರುವುತ್ತಾ 5 ನಿಮಿಷ ಮರಳಿಸಿ. ಹಾಟ್ ಬಾಕ್ಸಿಗೆ ಮೊದಲು ಕುದಿನೀರು ತುಂಬಿ 10 ನಿಮಿಷ ಮುಚ್ಚಿಟ್ಟು ಚೆಲ್ಲಿ, ಆಮೇಲೆ ಅಡುಗೆ ತುಂಬಿಸಿ. ತಣ್ಣಗಿರೋ ಡಬ್ಬಿಗೆ ಹಾಕಿದರೆ ಡಬ್ಬಿಯೇ ಬಿಸಿಯನ್ನ ಹೀರುತ್ತೆ. ಬಾಯಿವರೆಗೆ ತುಂಬಿಸಿ, ಅರ್ಧ ಖಾಲಿ ಇರೋ ಡಬ್ಬಿ ಬೇಗ ಆರುತ್ತೆ. ಹಂಚೋ ಜಾಗದಲ್ಲಿ ಮತ್ತೊಮ್ಮೆ ಅಳೆದು ಎರಡೂ ಅಂಕಿ ಪುಸ್ತಕದಲ್ಲಿ ಬರೀರಿ. ಹಂಚಿದ್ದು ಅಲ್ಲೇ ಉಣ್ಣಲಿ. ಕವರಿಗೆ ಕಟ್ಟಿಕೊಟ್ಟರೆ ರಾತ್ರಿಗೆ ಅಂತ ಎತ್ತಿಡ್ತಾರೆ, ಅಲ್ಲಿಗೆ ನೀವು ಕಾದ ಬಿಸಿಯೆಲ್ಲ ವ್ಯರ್ಥ.

ಪಂಚೆಪಾತ್ರೆ
ಅರ್ಥ ಆಯ್ತು. ಬೇಳೆಸಾರಿಗೂ ಇದೇ ಮಾತಾ?

ಥರ್ಮಾಮೀಟರ್
ಸಾರಿನಲ್ಲಿ, ಮಾಂಸದಡುಗೆಯಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದು ಬೆಳೆದದ್ದನ್ನ ಚೆನ್ನಾಗಿ ಮರಳಿಸಿದರೆ ಸಾಯುತ್ತೆ, ಅದಕ್ಕೇ ಸಾರಿಗೆ ಮತ್ತೆ ಕುದಿಸೋ ಅವಕಾಶ ಇದೆ ಅಂದದ್ದು. ಹಾಗಂತ ಆರು ಗಂಟೆ ಬೆಚ್ಚಗೆ ಬಿಟ್ಟ ಸಾರನ್ನ ಕುದಿಸಿ ಕೊಡೋಕಾಗಲ್ಲ, ಕೈಯಿಂದ ಬರೋ ಸ್ಟಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತೆ. ಕೈಗೆ ಗಾಯ, ಹುಣ್ಣು ಇರೋರನ್ನ ಬಡಿಸೋಕೆ ನಿಲ್ಲಿಸಬೇಡಿ.

ನಿಟುವಳ್ಳಿ ಬಳಗ
ಪರವಾನಗಿ ಏನಾದ್ರೂ ಬೇಕಾ?

ದುರ್ಗದ ಗೆಳತಿ
ಬೇಕು. ಉಳಿದ ಆಹಾರ ಸಂಗ್ರಹಿಸಿ ಹಂಚೋದಕ್ಕೆ ಅಂತಲೇ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2019ರಲ್ಲಿ ನಿಯಮ ತಂದಿದೆ. ಹಂಚೋ ಸಂಸ್ಥೆ ನೋಂದಣಿ ಮಾಡಿಸಿಕೊಳ್ಳಬೇಕು. ಯಾರಿಂದ ಬಂತು, ಏನು, ಎಷ್ಟು, ಎಲ್ಲಿ ಹಂಚಿದಿರಿ ಅನ್ನೋ ದಾಖಲೆ ಇಡಬೇಕು. ಅವಧಿ ಮುಗಿದದ್ದು ಹಂಚೋ ಹಾಗಿಲ್ಲ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಯಾರಾದರೂ ಎಳೆ ಮಕ್ಕಳ ಹಾಲಿನಪುಡಿ ಡಬ್ಬ, ಹಾಲಿನ ಬಾಟಲಿ ತಂದುಕೊಟ್ಟರೆ ಕಿಟ್‌ಗೆ ಸೇರಿಸಬೇಡಿ. 1992ರ ಶಿಶು ಹಾಲು ಬದಲಿ ಕಾಯ್ದೆ ಇವನ್ನ ತಾಯಂದಿರಿಗೆ ದಾನವಾಗಿ ಹಂಚೋದನ್ನ ತಡೆಯುತ್ತೆ. ಕಾರಣ ಸರಳ. ಎರಡು ವಾರ ಪುಡಿ ಕೊಟ್ಟರೆ ತಾಯಿ ಎದೆಹಾಲು ಕಡಿಮೆಯಾಗುತ್ತೆ, ಡಬ್ಬ ಮುಗಿದ ಮೇಲೆ ಕೊಳ್ಳೋಕೆ ದುಡ್ಡಿರಲ್ಲ, ನೀರು ಜಾಸ್ತಿ ಮಾಡಿ ಕಲೆಸ್ತಾರೆ, ಮಗು ಸೊರಗುತ್ತೆ. ಬಾಣಂತಿ ಮನೆಗೆ ಅದರ ಬದಲು ಬೇಳೆ, ಬೆಲ್ಲ, ಶೇಂಗಾ, ಸೊಪ್ಪು ಜಾಸ್ತಿ ಕೊಡಿ.

ರಾಗಿಕಣಜ
ಇನ್ನು ಕಿಟ್ಟಿನ ಮಾತು. ದಾನ ಮಾಡೋರಿಗೆ ಮೊದಲು ನೆನಪಾಗೋದು ಅಕ್ಕಿ ಮೂಟೆ. 2013ರಿಂದ ಅನ್ನಭಾಗ್ಯ ಐತಿ, ಕಾರ್ಡ್ ಇರೋ ಮನೆಯಲ್ಲಿ ಅಕ್ಕಿ ತೀರಾ ಇಲ್ಲ ಅನ್ನೋದು ಅಪರೂಪ. ಕೊರತೆ ಇರೋದು ಬೇಳೆಗೆ, ಎಣ್ಣೆಗೆ. ನಾಲ್ಕು ಜನರ ಮನೆಗೆ 15 ದಿನಕ್ಕೆ ಹೀಗೆ ಹಾಕ್ರಿ: ತೊಗರಿಬೇಳೆ ಒಂದೂವರೆ ಕೆಜಿ, ಹೆಸರುಕಾಳು ಅರ್ಧ ಕೆಜಿ, ಹುರುಳಿ ಇಲ್ಲಾ ಅಲಸಂದೆ ಅರ್ಧ ಕೆಜಿ. ಒಬ್ಬರಿಗೆ ದಿನಕ್ಕೆ 40 ಗ್ರಾಂ ಮೇಲೆ ಬೀಳುತ್ತೆ. ಎಣ್ಣೆ 1 ಲೀಟರ್, ಶೇಂಗಾ ಅರ್ಧ ಕೆಜಿ, ಬೆಲ್ಲ ಅರ್ಧ ಕೆಜಿ, ಅಯೋಡಿನ್ ಉಪ್ಪು ಅರ್ಧ ಕೆಜಿ, ಹುಣಸೆಹಣ್ಣು ಕಾಲು ಕೆಜಿ, ಖಾರದಪುಡಿ 200 ಗ್ರಾಂ, ಅರಿಶಿನ, ಸಾಸಿವೆ, ಜೀರಿಗೆ ತಲಾ 50, ಈರುಳ್ಳಿ 2 ಕೆಜಿ. ಕಾರ್ಡ್ ಇಲ್ಲದೋರಿಗೆ, ಬೇರೆ ಊರಿಂದ ದುಡಿಯೋಕೆ ಬಂದೋರಿಗೆ ಮಾತ್ರ ಅಕ್ಕಿ ಸೇರಿಸ್ರಿ.

ಆದ್ರೆ ಪಟ್ಟಿಗಿಂತ ಮೊದಲು ಆ ಮನೆಯ ಒಲೆ ಕೇಳ್ರಿ. ನಾಲ್ಕೇ ಪ್ರಶ್ನೆ: ಗ್ಯಾಸ್ ಐತಾ, ಸೌದೆಯಾ? ಕುಕ್ಕರ್ ಐತಾ? ಅಡುಗೆ ಮಾಡೋರು ಸಂಜೆ ಎಷ್ಟಕ್ಕೆ ಮನೆಗೆ ಬರ್ತಾರೆ? ಹಲ್ಲಿಲ್ಲದ ಹಿರೇರು, ಸಣ್ಣ ಮಕ್ಕಳು ಇದಾರಾ? ಕೂಲಿ ಮುಗಿಸಿ ಏಳು ಗಂಟೆಗೆ ಬರೋಳಿಗೆ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸೋಕೆ ಮುಕ್ಕಾಲು ಗಂಟೆ ಮೇಲೆ ಹಿಡಿಯುತ್ತೆ. ಅಷ್ಟು ಗ್ಯಾಸ್ ಸುಡೋಕೆ ಧೈರ್ಯ ಸಾಲದೆ ಬೇಳೆ ಡಬ್ಬದಲ್ಲೇ ಕೂತು ಹುಳ ಹಿಡಿಯುತ್ತೆ, ಮಕ್ಕಳಿಗೆ ಐದು ರೂಪಾಯಿ ಕುರುಕಲು ಪಾಕೀಟು ಬರುತ್ತೆ. ಅದನ್ನ ಸೋಮಾರಿತನ ಅನ್ನೋದು ದೊಡ್ಡ ತಪ್ಪು. ಅಂಥ ಮನೆಗೆ ತೊಗರಿ ಬದಲು ಹೆಸರುಬೇಳೆ ಕೊಡ್ರಿ, ತೆರೆದ ಪಾತ್ರೆಯಲ್ಲೇ 20 ನಿಮಿಷಕ್ಕೆ ಬೇಯುತ್ತೆ.

ಕೋಟೆಬದಿ
ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ ಅನ್ನೋ ದೂರು ಜಾಸ್ತಿ. "ದಾನದ ಬೇಳೆ, ಹಳೇದು ಕೊಟ್ಟಿದಾರೆ" ಅಂತ ಬೈತಾರೆ. ಏನು ಮಾಡೋದು?

ರಾಗಿಕಣಜ
ಎರಡೂ ಕಾರಣ ಇರಬಹುದು ರೀ. ವರ್ಷ ದಾಟಿದ ಬೇಳೆ ನಿಜವಾಗ್ಲೂ ಗಟ್ಟಿ. ಗಡಸು ನೀರಲ್ಲಿರೋ ಸುಣ್ಣದಂಶ ಕಾಳಿನ ಗೋಡೆಗೆ ಅಂಟಿ ಮೆತ್ತಗಾಗೋಕೆ ಬಿಡಲ್ಲ. ನೆನೆಸೋಕೂ ಬೇಯಿಸೋಕೂ ಶುದ್ಧ ನೀರಿನ ಘಟಕದ ನೀರು ಬಳಸಿದ್ರೆ ವ್ಯತ್ಯಾಸ ಅವತ್ತೇ ಕಾಣುತ್ತೆ. ತೊಗರಿಬೇಳೆ ಅರ್ಧ ಗಂಟೆ, ಕಾಳಾದ್ರೆ ರಾತ್ರಿಯಿಡೀ ನೆನೀಲಿ. ಹುಣಸೆ, ಟೊಮೆಟೊ ಬೆಂದ ಮೇಲೇ ಹಾಕ್ಬೇಕು, ಹುಳಿ ಮೊದಲೇ ಬಿದ್ರೆ ಬೇಳೆ ಒಡೆಯಲ್ಲ. ಸೋಡಾ ಹಾಕಿದ್ರೆ ಬೇಗ ಬೇಯುತ್ತೆ ನಿಜ, ಬಿ1 ಜೀವಸತ್ವ ಹಾಳಾಗುತ್ತೆ, ಬೇಡ.

ಬೆಣ್ಣೆನಗರಿ
ನಮ್ಮ ಕಡೆ ರಾಗಿಹಿಟ್ಟು ಕೊಟ್ರೆ ಎಷ್ಟೋ ಮನೇಲಿ ಮುಟ್ಟಲ್ಲ ಅಕ್ಕಾ. ಇಪ್ಪತ್ತೈದು ವರ್ಷದ ಹೆಣ್ಮಕ್ಕಳಿಗೆ ಮುದ್ದೆ ತಿರುವೋಕೆ ಬರಲ್ಲ, ಗಂಡುಮಕ್ಕಳಂತೂ ಕೇಳೋದೇ ಬೇಡ. ಜೋಳದ ರೊಟ್ಟಿ ಅಂಗಡಿಯಲ್ಲೇ ಸಿಗುತ್ತೆ. ಸಿರಿಧಾನ್ಯ ಅಂತ ನವಣೆ ಕೊಟ್ಟೋರು ಇದಾರೆ, ಅದನ್ನ ಹೇಗೆ ಮಾಡೋದು ಅಂತ ಕೇಳಿ ವಾಪಸ್ ತಂದುಕೊಟ್ಟೋರೂ ಇದಾರೆ.

ರಾಗಿಕಣಜ
ಹಿಂದೆ ರಾಗಿ ಬಡವರ ಊಟ, ಅನ್ನ ಹಬ್ಬದ ಊಟ. ಭದ್ರಾ ನಾಲೆ ಬಂದ ಕಡೆ ಅನ್ನ ದಿನದ ಊಟ ಆಯ್ತು. ಈಗ ಉಳ್ಳೋರು ಸಕ್ಕರೆ ಕಾಯಿಲೆಗೆ ಹೆದರಿ ರಾಗಿ, ನವಣೆ ಹುಡುಕ್ತಾರೆ, ಕೂಲಿ ಮನೆಗೆ ಅನ್ನವೇ ಸುಲಭ. ಬಲವಂತ ಬೇಡ. ಕೇಳಿದ ಮನೆಗೆ ಮಾತ್ರ ರಾಗಿ ಕೊಟ್ಟು, ಹಂಚೋ ದಿನ ಒಂದು ಒಲೆ ಹಚ್ಚಿ ಕಣ್ಣೆದುರಿಗೇ ಒಂದ್ಸಲ ಮಾಡಿ ತೋರಿಸ್ರಿ.

ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು, ಹಳೇ ಹಿಟ್ಟಾದ್ರೆ ಎರಡೂಕಾಲು. ಒಂದು ಚಮಚ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಆ ನೀರಿಗೆ ಬೆರೆಸಿ ಕುದಿಸ್ರಿ. ಅಂಬಲಿ ಉಕ್ಕಿ ಬರೋವಾಗ ಉಳಿದ ಹಿಟ್ಟನ್ನ ನಡುವೆ ಗುಡ್ಡೆ ಹಾಗೆ ಸುರಿದು, ಮುದ್ದೆಕೋಲಿಂದ ನಡುವೆ ಒಂದು ತೂತು ಮಾಡಿ ಸುಮ್ಮನೆ ಬಿಡ್ರಿ. ಉರಿ ಸಣ್ಣಗಿರಲಿ. ಆ ತೂತಿನಿಂದ ಅಂಬಲಿ ಗುಳುಗುಳು ಅಂತ ಮೇಲೆ ಬಂದು ಗುಡ್ಡೆಯ ಅಂಚಿಗೆ ಹರಿಯುತ್ತೆ. ಕಲಿಯೋರು ತಪ್ಪೋದು ಇಲ್ಲೇ: ಗಡಿಬಿಡಿಗೆ ತಿರುವಿಬಿಡ್ತಾರೆ. ಹಬೆ ಒಳಗೆ ಹೋಗಿರಲ್ಲ, ಒಣಹಿಟ್ಟಿಗೆ ಹೊರಗಿಂದ ಅಂಬಲಿ ಅಂಟಿ ಗಂಟಾಗುತ್ತೆ, ಆಮೇಲೆ ಎಷ್ಟು ತಿರುವಿದ್ರೂ ಒಡೆಯಲ್ಲ. ಐದಾರು ನಿಮಿಷ ಕಳೆದು ಹಿಟ್ಟಿನ ಬಣ್ಣ ಕಪ್ಪಾದ ಮೇಲೆ ಪಾತ್ರೆಯನ್ನ ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ಕೋಲನ್ನ ಪಾತ್ರೆಯ ಗೋಡೆಗೆ ಒತ್ತಿ ತಿರುವಬೇಕು. ಮತ್ತೆ ಎರಡು ನಿಮಿಷ ಮುಚ್ಚಿಟ್ಟು, ಬೆರಳು ಒದ್ದೆ ಮಾಡಿ ಮುಟ್ಟಿ ನೋಡ್ರಿ. ಅಂಟದಿದ್ರೆ ಬೆಂದಿದೆ. 1 ಕೆಜಿ ಹಿಟ್ಟಿಗೆ ಕಾಲು ಕೆಜಿ ತೂಕದ ಹನ್ನೆರಡು ಮುದ್ದೆ.

ನವಣಕ್ಕಿ ಒಂದಕ್ಕೆ ಎರಡೂವರೆ ನೀರು, ಅರ್ಧ ಗಂಟೆ ನೆನೆಸಿ ಮಾಮೂಲಿ ಅನ್ನದ ಹಾಗೇ. ದಾಸ್ತಾನಿನ ಮಾತು ಬಂದರೆ ರಾಗಿಹಿಟ್ಟು ಎರಡು ತಿಂಗಳು ತಾಳುತ್ತೆ, ಜೋಳದ ಹಿಟ್ಟು ಒಂದು ತಿಂಗಳು, ಸಜ್ಜೆ ಹಿಟ್ಟಂತೂ ಹದಿನೈದು ದಿನಕ್ಕೇ ಕಹಿ. ಕಾಳು ರೂಪದಲ್ಲೇ ಇಟ್ಟು ಹಂಚೋ ವಾರ ಬೀಸಿಸ್ರಿ.

ಕೋಟೆಬದಿ
ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲ್ತವೆ, ಪ್ಲಾಸ್ಟಿಕ್ ಅಂತ ಆರಿಸಿ ಬಿಸಾಡ್ತಾರೆ. ಅದಕ್ಕೂ ಉತ್ತರ ಕೊಡಿ.

ಥರ್ಮಾಮೀಟರ್
ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಅಕ್ಕಿ ಆಕಾರಕ್ಕೆ ಒತ್ತಿ, 100 ಕೆಜಿ ಅಕ್ಕಿಗೆ 1 ಕೆಜಿ ಲೆಕ್ಕದಲ್ಲಿ ಸೇರಿಸಿರ್ತಾರೆ. ಹಗುರ ಇರೋದ್ರಿಂದ ಕೆಲವು ತೇಲ್ತವೆ, ಬಣ್ಣವೂ ಸ್ವಲ್ಪ ಬೇರೆ. ಅದನ್ನ ಆರಿಸಿ ಬಿಸಾಡಿದರೆ ರಕ್ತಹೀನತೆ ಇರೋ ಹೆಣ್ಮಕ್ಕಳಿಗೆ ಸಿಗಬೇಕಾದ್ದೇ ಹೋಯ್ತು. ಹತ್ತು ಕಾಳು ಬೇಯಿಸಿ ಬೆರಳಲ್ಲಿ ಹಿಸುಕಿ ತೋರಿಸಿ, ಅನ್ನದ ಹಾಗೇ ಹಿಟ್ಟಾಗುತ್ತೆ. ಉಜ್ಜಿ ಉಜ್ಜಿ ತೊಳೆಯೋದು, ಗಂಜಿ ಬಸಿದು ಚೆಲ್ಲೋದು ಬೇಡ.

ಆರಿಸಿ ಎಸೆಯಲೇಬೇಕಾದ್ದು ಬೂಷ್ಟು ಹಿಡಿದ ಶೇಂಗಾ. ಹಸಿರು ಹಳದಿ ಬೂಷ್ಟು ಕಂಡ ಚೀಲದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗಲ್ಲ, ಯಕೃತ್ತಿಗೆ ಕೆಟ್ಟದ್ದು. ಕೆಟ್ಟ ಕಾಳು ಆರಿಸಿ ಉಳಿದದ್ದು ಕೊಡೋಣ ಅನ್ನಬೇಡಿ, ಆ ಚೀಲವೇ ಬೇಡ.

ಭಟ್ಟಿ ಮಂಡಕ್ಕಿ
ಒಲೆಯೇ ಇಲ್ಲದೋರ ಬಗ್ಗೆ ಯಾರೂ ಹೇಳ್ಲಿಲ್ಲ. ಆಸ್ಪತ್ರೆ ಜಗಲಿಯಲ್ಲಿ ಮಲಗೋರಿಗೆ ಅಕ್ಕಿ ಬೇಳೆ ಕೊಟ್ಟು ಏನು ಮಾಡ್ತಾರೆ? ಬ್ರಿಟನ್ನಿನ ಫುಡ್ ಬ್ಯಾಂಕ್‌ಗಳಲ್ಲಿ ಮೂರು ದಿನದ ಪೊಟ್ಟಣ ಕೊಡೋ ಪದ್ಧತಿ ಐತಿ, ಅದರಲ್ಲಿ ಗ್ಯಾಸ್ ಇಲ್ಲದೋರಿಗೆ ಬರೀ ಬಿಸಿನೀರು ಸಾಕಾಗೋ ಪೊಟ್ಟಣ ಬೇರೆ ಇರುತ್ತೆ. ನಮ್ಮೂರಿಗೆ ಅದನ್ನ ಯಾರೂ ಕಲಿಸಬೇಕಿಲ್ಲ, ಮಂಡಕ್ಕಿ ಭಟ್ಟಿ ಇಲ್ಲೇ ಐತಿ. ಒಬ್ಬರ ಒಂದು ಹೊತ್ತಿಗೆ ಮಂಡಕ್ಕಿ 60 ಗ್ರಾಂ, ಹುರಿಗಡಲೆ 30, ಹುರಿದ ಶೇಂಗಾ 30, ಬೆಲ್ಲದಚ್ಚು 20. ಸುಮಾರು 550 ಕ್ಯಾಲರಿ ಆಗುತ್ತೆ, ಬೇಳೆಯ ಸತ್ವನೂ ಬಂತು. ಉಪ್ಪು ಬೇಡ, ಮಂಡಕ್ಕಿಯಲ್ಲೇ ಐತಿ. ಬೆಲ್ಲ ಬೇರೆ ಕಾಗದದಲ್ಲಿ ಸುತ್ತಬೇಕು, ಒಟ್ಟಿಗೆ ಹಾಕಿದ್ರೆ ಅದರ ತೇವಕ್ಕೆ ಮಂಡಕ್ಕಿ ಒಂದೇ ರಾತ್ರಿಗೆ ಮೆತ್ತಗಾಗುತ್ತೆ. ತೆಳು ಕವರ್ ಬೇಡ, ದಪ್ಪ ಕವರಿಗೆ ಹಾಕಿ ಬಾಯಿಗೆ ಬಿಸಿ ಸೀಲ್ ಹಾಕಿದ್ರೆ ಮಳೆಗಾಲದಲ್ಲೂ ಹದಿನೈದು ದಿನ ಗರಿಗರಿ. ಹಲ್ಲಿಲ್ಲದೋರಿಗೆ ಮಂಡಕ್ಕಿ ಬದಲು ತೆಳು ಅವಲಕ್ಕಿ, ನೀರು ಚಿಮುಕಿಸಿದ್ರೆ ಸಾಕು.

ನಿಟುವಳ್ಳಿ ಬಳಗ
ತುಂಬಾ ಉಪಕಾರ ಆಯ್ತು. ಛತ್ರದಿಂದ ತರೋದನ್ನ ಮಧ್ಯಾಹ್ನದ ಊಟಕ್ಕೆ ಮಾತ್ರ ಇಟ್ಕೊಳ್ತೀವಿ, ರಾತ್ರಿಗೆ ಮಂಡಕ್ಕಿ ಪೊಟ್ಟಣ. ಕೊನೇ ಪ್ರಶ್ನೆ: 60 ಡಿಗ್ರಿ ಇಲ್ಲದ ಅನ್ನ, ಎಲೆ ಮೇಲೆ ಉಳಿದದ್ದನ್ನ ದನಗಳಿಗೆ ಹಾಕಬಹುದಲ್ಲ? ಛತ್ರದೋರು ಗೋಶಾಲೆಗೆ ಸುರೀರಿ ಅಂತಾರೆ.

ಹಗ್ಗಗಣ್ಣಿ
ಸುರಿಯೋದು ಬೇಡ. ಹೊಟ್ಟೆ ತುಂಬ ಅನ್ನ ತಿಂದ ದನದ ಮೊದಲ ಹೊಟ್ಟೆಯಲ್ಲಿ ಪಿಷ್ಟ ಒಮ್ಮೆಲೇ ಹುಳಿಯಾಗುತ್ತೆ. ಮೆಲುಕು ನಿಲ್ಲುತ್ತೆ, ಹೊಟ್ಟೆ ಉಬ್ಬುತ್ತೆ, ನೀರಿನ ಹಾಗೆ ಸಗಣಿ ಹಾಕಿ ನೆಲ ಹಿಡಿಯುತ್ತೆ, ಸಾಯಲೂಬಹುದು. ಪಾಯಸ, ಸಿಹಿ ಇನ್ನೂ ಬೇಗ. ದಿನಾ ಒಣಹುಲ್ಲು ಮೇಯೋ, ಅನ್ನ ರೂಢಿಯಿಲ್ಲದ ದನಕ್ಕೆ ಅಪಾಯ ಹೆಚ್ಚು. ಬಾಳೆ ಎಲೆ, ತರಕಾರಿ ಸಿಪ್ಪೆ ಹಾಕಬಹುದು, ಪ್ಲಾಸ್ಟಿಕ್ ಲೋಟ, ಕವರು, ಹಲ್ಲುಕಡ್ಡಿ ಒಂದೂ ಇರದ ಹಾಗೆ ಕೈಯಾರೆ ಆರಿಸಿದ ಮೇಲೆ. ಅನ್ನವನ್ನ ಗೊಬ್ಬರದ ಗುಂಡಿಗೆ ಹಾಕ್ರಿ: ಒಂದು ಬುಟ್ಟಿ ಅನ್ನಕ್ಕೆ ಎರಡು ಬುಟ್ಟಿ ಒಣ ತರಗು ಇಲ್ಲಾ ಮೆಕ್ಕೆಜೋಳದ ದಂಟಿನ ಚೂರು, ಮೇಲೆ ನಾಲ್ಕು ಬೆರಳು ಮಣ್ಣು. ಬರೀ ಅನ್ನ ಸುರಿದ್ರೆ ಗಾಳಿಯಾಡದೆ ಅಂಟಾಗಿ ನಾರುತ್ತೆ, ನಾಯಿ ಬಂದು ಕೆದರ್ತವೆ. ಯಾವುದಾದ್ರೂ ದನ ಈಗಾಗ್ಲೇ ತಿಂದು ಮೆಲುಕು ಬಿಟ್ಟಿದ್ರೆ ಮತ್ತೆ ಹಿಂಡಿ, ಕಾಳು ಹಾಕದೆ ಬರೀ ಒಣಹುಲ್ಲು ಮುಂದಿಟ್ಟು, ಅವತ್ತೇ ಪಶುವೈದ್ಯರನ್ನ ಕರೆಸ್ರಿ, ಬೆಳಗಿನವರೆಗೆ ಕಾಯಬೇಡ್ರಿ.